ಏನನ್ನು ನೋಡಿ ಹಾಗೆ ಹೇಳುತ್ತಿದ್ದೀಯ? ಸರ್ಕಾರಿ ಶಾಲೆಯ ತರಗತಿಯಲ್ಲಿ ಚಿತ್ರಚರ್ಚೆ

ಶಾಲೆಯಲ್ಲಿ ಕಲೆ ಎಂದ ಕೂಡಲೇ ನೆನಪಾಗುವುದು ಡ್ರಾಯಿಂಗ್ ಪುಸ್ತಕ, ಬಣ್ಣದ ಪೆಟ್ಟಿಗೆ ಮತ್ತು ವಾರಕ್ಕೊಂದು ಪೀರಿಯಡ್. ಅಲ್ಲಿ ಮಗುವಿನ ಕೈಗೆ ಕೆಲಸವಿದೆ. ಆದರೆ ಬೇರೆಯವರು ಬರೆದ ಚಿತ್ರವೊಂದರ ಮುಂದೆ ಕುಳಿತು, ಅದನ್ನು ನಿಧಾನವಾಗಿ ನೋಡಿ, ಕಂಡದ್ದನ್ನು ಮಾತಿಗೆ ತಂದು, ಪಕ್ಕದವರಿಗೆ ಕಂಡದ್ದನ್ನು ಕೇಳಿಸಿಕೊಳ್ಳುವ ಕೆಲಸಕ್ಕೆ ಹೆಚ್ಚಿನ ಶಾಲೆಗಳ ವೇಳಾಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ. ಈ ಎರಡನೆಯ ಕೆಲಸವನ್ನೇ ಚಿತ್ರಚರ್ಚೆ ಅಥವಾ ಕಲಾಚರ್ಚೆ ಎಂದು ಕರೆಯುತ್ತಾರೆ. ಇದಕ್ಕೆ ಬಣ್ಣ ಬೇಡ, ಕುಂಚ ಬೇಡ, ಮಕ್ಕಳಲ್ಲಿ ಚಿತ್ರ ಬರೆಯುವ ಪ್ರತಿಭೆ ಇರಬೇಕೆಂಬ ನಿಯಮವೂ ಇಲ್ಲ. ಒಂದು ಒಳ್ಳೆಯ ಚಿತ್ರ, ಹದಿನೈದು ಇಪ್ಪತ್ತು ನಿಮಿಷಗಳ ಕಾಲ, ಮತ್ತು ಉತ್ತರವನ್ನು ತಾನೇ ಹೇಳಿಬಿಡುವ ಆತುರವನ್ನು ತಡೆದುಕೊಳ್ಳಬಲ್ಲ ಒಬ್ಬ ಶಿಕ್ಷಕಿ ಅಥವಾ ಶಿಕ್ಷಕ ಇದ್ದರೆ ಸಾಕು. ಈ ಕೊನೆಯದು ಸಿಗುವುದೇ ಎಲ್ಲಕ್ಕಿಂತ ಕಷ್ಟ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಇಂತಹ ಕಾರ್ಯಕ್ರಮವನ್ನು ಶಾಲೆಗೆ ತರುವ ಬಗ್ಗೆ ಯೋಚಿಸುವವರು ಸಾಮಾನ್ಯವಾಗಿ ಚಿತ್ರಗಳಿಗೂ ಪ್ರೊಜೆಕ್ಟರಿಗೂ ಹಣ ಹೊಂದಿಸುವ ಚಿಂತೆಯಲ್ಲಿ ಮುಳುಗಿ, ಶಿಕ್ಷಕರ ತಯಾರಿಯನ್ನು ಕೊನೆಗೆ ಉಳಿಸಿಬಿಡುತ್ತಾರೆ.

ಚರ್ಚೆ ನಡೆಯುವ ರೀತಿಯನ್ನು ಒಂದು ಚಿತ್ರದ ಮೂಲಕವೇ ನೋಡುವುದು ಒಳ್ಳೆಯದು. ಪೀಟರ್ ಬ್ರೂಗೆಲ್ ಎಂಬ ಕಲಾವಿದ 1565ರಲ್ಲಿ ಬರೆದ, ಈಗ ವಿಯೆನ್ನಾದ ಮ್ಯೂಸಿಯಂನಲ್ಲಿರುವ ‘ಹಿಮದಲ್ಲಿ ಬೇಟೆಗಾರರು’ ಎಂಬ ಚಿತ್ರವನ್ನು ತೆಗೆದುಕೊಳ್ಳೋಣ. ಎಡಭಾಗದ ಎತ್ತರದ ಜಾಗದಲ್ಲಿ ಮೂವರು ಬೇಟೆಗಾರರು ನಮಗೆ ಬೆನ್ನು ಮಾಡಿ, ತಲೆ ತಗ್ಗಿಸಿ ನಡೆಯುತ್ತಿದ್ದಾರೆ. ಅವರ ಹಿಂದೆ ನಾಯಿಗಳ ಹಿಂಡು. ಎಲೆ ಉದುರಿದ ಮರಗಳು ಕಪ್ಪಗೆ ನಿಂತಿವೆ. ಎಡಗಡೆಯ ಮನೆಯೊಂದರ ಮುಂದೆ ಕೆಲವರು ಬೆಂಕಿ ಹೊತ್ತಿಸಿದ್ದಾರೆ, ಆ ಮನೆಯ ಮೇಲಿನ ಫಲಕ ಒಂದೇ ಕೊಂಡಿಗೆ ಜೋತುಬಿದ್ದಿದೆ. ಕೆಳಗೆ ದೂರದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಚಿಕ್ಕಚಿಕ್ಕ ಆಕೃತಿಗಳು ಜಾರುತ್ತ ಆಡುತ್ತಿವೆ.

ಇದನ್ನು ಐದನೆಯ ತರಗತಿಯ ಮುಂದೆ ಇಟ್ಟು, ಒಂದು ನಿಮಿಷ ಯಾರೂ ಮಾತಾಡದೆ ನೋಡಲು ಬಿಟ್ಟು, ಆಮೇಲೆ “ಈ ಚಿತ್ರದಲ್ಲಿ ಏನು ನಡೆಯುತ್ತಿದೆ?” ಎಂದು ಕೇಳಿದರೆ, “ಅವರು ಬೇಟೆಗೆ ಹೋಗುತ್ತಿದ್ದಾರೆ” ಎಂದು ಒಂದು ಮಗು ಹೇಳಬಹುದು. ಆಗ ಶಿಕ್ಷಕಿ ಸರಿ ಎಂದೂ ಹೇಳುವುದಿಲ್ಲ, ತಪ್ಪು ಎಂದೂ ಹೇಳುವುದಿಲ್ಲ. “ಏನನ್ನು ನೋಡಿ ಹಾಗೆ ಹೇಳುತ್ತಿದ್ದೀಯ?” ಎಂದು ಕೇಳುತ್ತಾಳೆ. ಹೆಗಲ ಮೇಲೆ ಈಟಿಗಳಿವೆ, ಜೊತೆಗೆ ನಾಯಿಗಳಿವೆ ಎಂದು ಮಗು ತೋರಿಸುತ್ತದೆ. ಇನ್ನೊಂದು ಮಗು ಕೈ ಎತ್ತಿ, “ಹೋಗುತ್ತಿಲ್ಲ, ವಾಪಸ್ಸು ಬರುತ್ತಿದ್ದಾರೆ, ಒಬ್ಬನ ಬೆನ್ನ ಹಿಂದೆ ಸತ್ತ ಪ್ರಾಣಿಯೊಂದು ನೇತಾಡುತ್ತಿದೆ” ಎನ್ನುತ್ತದೆ. ಈಗ ಇಡೀ ತರಗತಿಯ ಕಣ್ಣು ಆ ಪುಟ್ಟ ನರಿಯ ಮೇಲೆ ಬೀಳುತ್ತದೆ. ಮೂರು ಜನ, ಅಷ್ಟೊಂದು ನಾಯಿಗಳು, ಸಿಕ್ಕಿದ್ದು ಮಾತ್ರ ಒಂದೇ ಒಂದು. ಅವರ ತಲೆ ಏಕೆ ತಗ್ಗಿದೆ, ನಾಯಿಗಳು ಏಕೆ ಹಾಗೆ ಸೋತು ನಡೆಯುತ್ತಿವೆ ಎಂಬುದಕ್ಕೆ ಮೂರನೆಯ ಮಗು ಈ ಎಳೆಯನ್ನು ಹಿಡಿದು ಕಾರಣ ಹೇಳಬಹುದು. ಅಷ್ಟರಲ್ಲಿ ನಾಲ್ಕನೆಯದು, “ಆದರೆ ಕೆಳಗಿರುವವರೆಲ್ಲ ಖುಷಿಯಾಗಿ ಆಡುತ್ತಿದ್ದಾರಲ್ಲ” ಎಂದು ಚಿತ್ರದ ಇನ್ನೊಂದು ಅರ್ಧವನ್ನು ಮುಂದಕ್ಕೆ ತರಬಹುದು. “ಇನ್ನೂ ಏನೇನು ಕಾಣುತ್ತದೆ?” ಎಂಬ ಪ್ರಶ್ನೆ ಬಂದಾಗ ಬಲಗಡೆಯ ಮೂಲೆಯಲ್ಲಿ ಹಿಮಗಟ್ಟಿ ನಿಂತುಹೋದ ಗಿರಣಿಯ ಚಕ್ರ, ಸೇತುವೆಯ ಮೇಲೆ ಸೌದೆ ಹೊತ್ತು ಸಾಗುವ ಹೆಂಗಸು, ದೂರದ ಮನೆಯೊಂದರ ಚಿಮಣಿಗೆ ಹತ್ತಿಕೊಂಡ ಬೆಂಕಿ ಒಂದೊಂದಾಗಿ ಹೊರಬರುತ್ತವೆ. ಈ ಬೆಂಕಿಯನ್ನು ದೊಡ್ಡವರಲ್ಲಿ ಹೆಚ್ಚಿನವರು ಗಮನಿಸುವುದೇ ಇಲ್ಲ.

ಹೊರಗಿನಿಂದ ನೋಡಿದರೆ ಇದು ಬರೀ ಹರಟೆಯಂತೆ ಕಾಣುತ್ತದೆ. ಒಳಗೆ ನಡೆದದ್ದೇನು ಎಂದು ಬಿಡಿಸಿ ನೋಡಿ. ಒಂದು ಮಗು ಒಂದು ಹೇಳಿಕೆ ಕೊಟ್ಟಿತು. ಅದಕ್ಕೆ ಆಧಾರ ಕೇಳಲಾಯಿತು. ಆಧಾರ ಎಲ್ಲರ ಕಣ್ಣ ಮುಂದೆಯೇ ಇದ್ದುದರಿಂದ ಯಾರು ಬೇಕಾದರೂ ಪರೀಕ್ಷಿಸಬಹುದಿತ್ತು. ಇನ್ನೊಂದು ಆಧಾರ ಸಿಕ್ಕಾಗ ಮೊದಲ ಹೇಳಿಕೆ ತಿದ್ದುಪಡಿಯಾಯಿತು. ತಿದ್ದಿದ್ದು ಶಿಕ್ಷಕಿಯ ಅಧಿಕಾರದ ಮಾತಲ್ಲ, ಚಿತ್ರದಲ್ಲಿರುವ ಒಂದು ನರಿ. ವಿಜ್ಞಾನದ ಪ್ರಯೋಗಾಲಯದಲ್ಲಿ, ನ್ಯಾಯಾಲಯದಲ್ಲಿ, ಇತಿಹಾಸದ ದಾಖಲೆಗಳ ಮುಂದೆ ದೊಡ್ಡವರು ಮಾಡುವ ಕೆಲಸದ ಮೂಲರೂಪವೇ ಇದು. ಹತ್ತು ವರ್ಷದ ಮಕ್ಕಳು ಯಾವ ಪೂರ್ವಸಿದ್ಧತೆಯೂ ಇಲ್ಲದೆ ಅದನ್ನು ಮಾಡಬಲ್ಲರು ಎಂಬುದೇ ಈ ಪದ್ಧತಿಯ ಬಗ್ಗೆ ನನಗಿರುವ ಭರವಸೆಯ ಬುಡ.

ಮೇಲೆ ಹೇಳಿದ ಮೂರು ಪ್ರಶ್ನೆಗಳು ಆಕಸ್ಮಿಕವಾಗಿ ಹುಟ್ಟಿದವಲ್ಲ. ಅವುಗಳ ಹಿಂದೆ ಒಂದು ಸೋಲಿನ ಕಥೆಯಿದೆ. 1980ರ ದಶಕದಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿ ಶಿಕ್ಷಣ ವಿಭಾಗದ ಮುಖ್ಯಸ್ಥರಾಗಿದ್ದವರು ಫಿಲಿಪ್ ಯೆನವೈನ್. ಅಲ್ಲಿನ ಮಾರ್ಗದರ್ಶಕರು ಕಲಾವಿದರ ಬಗ್ಗೆ, ಶೈಲಿಗಳ ಬಗ್ಗೆ ಚೆನ್ನಾಗಿಯೇ ವಿವರಿಸುತ್ತಿದ್ದರು, ಕೇಳಿದವರು ಮೆಚ್ಚಿಕೊಂಡೇ ಹೋಗುತ್ತಿದ್ದರು. ಆದರೆ ಆ ವಿವರಣೆಯಲ್ಲಿ ಕೇಳುಗರ ಮನಸ್ಸಿನಲ್ಲಿ ಉಳಿಯುತ್ತಿದ್ದುದು ತೀರ ಕಡಿಮೆ ಎಂಬುದು ಪರಿಶೀಲಿಸಿದಾಗ ತಿಳಿಯಿತು. ಇದಕ್ಕೆ ಕಾರಣ ಹುಡುಕುವಾಗ ಅವರಿಗೆ ಜೊತೆಯಾದವರು ಅರಿವಿನ ಮನೋವಿಜ್ಞಾನದಲ್ಲಿ ಕೆಲಸ ಮಾಡುತ್ತಿದ್ದ ಅಬಿಗೇಲ್ ಹೌಸೆನ್.

ಹೌಸೆನ್ ಅನುಸರಿಸಿದ ವಿಧಾನ ಸರಳವಾಗಿತ್ತು: ಒಬ್ಬರ ಮುಂದೆ ಒಂದು ಚಿತ್ರ ಇಟ್ಟು, ಅವರ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಲು ಕೇಳಿ, ನಡುವೆ ಏನೂ ಸೂಚಿಸದೆ, ಆ ಮಾತನ್ನು ಇದ್ದದ್ದು ಇದ್ದ ಹಾಗೆ ದಾಖಲಿಸುವುದು. ಇಂತಹ ಬಹಳಷ್ಟು ದಾಖಲೆಗಳನ್ನು ವಿಶ್ಲೇಷಿಸಿ, ನೋಡುವ ಕೌಶಲ ಐದು ಹಂತಗಳಲ್ಲಿ ಬೆಳೆಯುತ್ತದೆ ಎಂದು ಅವರು ಹೇಳಿದರು. ಮೊದಲ ಹಂತದವರು ಕಂಡದ್ದನ್ನು ಎಣಿಸುತ್ತಾರೆ, ಅದರಿಂದ ಒಂದು ಕಥೆ ಕಟ್ಟುತ್ತಾರೆ, ತಮ್ಮ ನೆನಪುಗಳನ್ನು ಅದಕ್ಕೆ ಬೆರೆಸುತ್ತಾರೆ. ಎರಡನೆಯ ಹಂತದವರು ತಮಗೆ ಗೊತ್ತಿರುವ ಲೋಕದ ಅಳತೆಗೋಲಿನಿಂದ ಚಿತ್ರವನ್ನು ಅಳೆಯುತ್ತಾರೆ. ಮರ ಕಿತ್ತಳೆ ಬಣ್ಣದಲ್ಲಿದ್ದರೆ ಅವರಿಗೆ ಅದು ಸರಿಯೆನಿಸುವುದಿಲ್ಲ. ಯಾವ ಕಾಲದ್ದು, ಯಾವ ಪಂಥದ್ದು, ಯಾರ ಪ್ರಭಾವ ಎಂದು ವಿಂಗಡಿಸುವ ಆಸಕ್ತಿ ಹುಟ್ಟುವುದು ಮೂರನೆಯ ಹಂತದಲ್ಲಿ. ಉಳಿದ ಎರಡು ಹಂತಗಳು ವರ್ಷಗಟ್ಟಲೆ ನೋಡಿ ಪಳಗಿದವರಿಗೆ ಸೇರಿದವು. ಮ್ಯೂಸಿಯಂಗೆ ಬರುವ ಬಹುಪಾಲು ಜನರು, ಶಾಲೆಯ ಮಕ್ಕಳಂತೂ ಹೆಚ್ಚುಕಡಿಮೆ ಎಲ್ಲರೂ, ಮೊದಲ ಎರಡು ಹಂತಗಳಲ್ಲಿರುತ್ತಾರೆ ಎಂಬುದು ಅವರ ಮುಖ್ಯ ಶೋಧನೆ. ಮಾರ್ಗದರ್ಶಕರು ಮೂರನೆಯ ಹಂತದವರಿಗೆ ತಕ್ಕ ಭಾಷಣ ಮಾಡುತ್ತಿದ್ದರು. ಕಥೆ ಕಟ್ಟಲು ತವಕಿಸುತ್ತಿದ್ದ ಮನಸ್ಸಿಗೆ ವರ್ಗೀಕರಣ ಹಿಡಿಸದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾಗಿ ಮಕ್ಕಳು ಇರುವ ಜಾಗದಿಂದಲೇ ಹೊರಡುವ ಪ್ರಶ್ನೆಗಳನ್ನು ಇಬ್ಬರೂ ಸೇರಿ ರೂಪಿಸಿದರು. “ಏನು ನಡೆಯುತ್ತಿದೆ?” ಎಂಬುದು ಕಥೆ ಕಟ್ಟುವ ಸಹಜ ಬಯಕೆಗೆ ಬಾಗಿಲು ತೆರೆಯುತ್ತದೆ. “ಏನು ಕಾಣುತ್ತದೆ?” ಎಂದಷ್ಟೇ ಕೇಳಿದರೆ ಮರ, ನಾಯಿ, ಮನೆ ಎಂದು ಪಟ್ಟಿ ಬರುತ್ತದೆ, ಏನು ನಡೆಯುತ್ತಿದೆ ಎಂದು ಕೇಳಿದಾಗ ಪಟ್ಟಿಯ ವಸ್ತುಗಳ ನಡುವೆ ಸಂಬಂಧ ಹುಡುಕಬೇಕಾಗುತ್ತದೆ. “ಏನನ್ನು ನೋಡಿ ಹಾಗೆ ಹೇಳುತ್ತಿದ್ದೀಯ?” ಎಂಬುದು ಆಧಾರದ ಪ್ರಶ್ನೆ. ಇದನ್ನು “ಏಕೆ?” ಎಂದು ಚುಟುಕು ಮಾಡಬಾರದು ಎಂಬ ಎಚ್ಚರಿಕೆಯನ್ನು ನಾನು ಒತ್ತಿ ಹೇಳುತ್ತೇನೆ. ಶಿಕ್ಷಕರು “ಏಕೆ?” ಎಂದರೆ ಮಕ್ಕಳಿಗೆ ಅದು ಆಕ್ಷೇಪಣೆಯಂತೆ ಕೇಳಿಸುತ್ತದೆ, ಬಾಯಿ ಕಟ್ಟುತ್ತದೆ. ಏನನ್ನು ನೋಡಿ ಎಂದು ಕೇಳಿದರೆ ಮಗುವಿನ ಕಣ್ಣು ಮರಳಿ ಚಿತ್ರದ ಕಡೆಗೆ ಹೋಗುತ್ತದೆ, ಉತ್ತರ ಅಲ್ಲಿಯೇ ಸಿಗುತ್ತದೆ. ಮೂರನೆಯ ಪ್ರಶ್ನೆ ಹುಡುಕಾಟ ನಿಲ್ಲದಂತೆ ನೋಡಿಕೊಳ್ಳುತ್ತದೆ.

ಪ್ರಶ್ನೆಗಳಷ್ಟೇ ಮುಖ್ಯವಾದದ್ದು ಉತ್ತರ ಬಂದಮೇಲೆ ಶಿಕ್ಷಕರು ನಡೆದುಕೊಳ್ಳುವ ರೀತಿ. ಮಗು ಮಾತನಾಡುತ್ತಿರುವಾಗ ಶಿಕ್ಷಕಿ ಚಿತ್ರದಲ್ಲಿ ಆ ಜಾಗವನ್ನು ಬೆರಳಿಟ್ಟು ತೋರಿಸುತ್ತಿರಬೇಕು. ಇಲ್ಲವಾದರೆ ಹಿಂದಿನ ಬೆಂಚಿನವರಿಗೆ ಯಾವ ನಾಯಿ, ಯಾವ ಮರ ಎಂಬುದೇ ತಿಳಿಯುವುದಿಲ್ಲ, ಮಾತು ಇಬ್ಬರ ನಡುವಿನ ಸಂಭಾಷಣೆಯಾಗಿ ಉಳಿಯುತ್ತದೆ. ಮಗು ಹೇಳಿದ್ದನ್ನು ಶಿಕ್ಷಕಿ ತನ್ನ ಮಾತಿನಲ್ಲಿ ಮತ್ತೆ ಹೇಳಬೇಕು. “ಅವ್ರು ಸುಸ್ತಾಗಿದ್ದಾರೆ, ತಲೆ ಹಿಂಗಿದೆ” ಎಂದು ಮಗು ಹೇಳಿದಾಗ, “ಬೇಟೆಗಾರರ ಬಾಗಿದ ತಲೆಯನ್ನು ಗಮನಿಸಿ, ಅವರು ದಣಿದಿರಬಹುದು ಎಂದು ನೀನು ಊಹಿಸುತ್ತಿದ್ದೀಯ” ಎಂದು ಮರುನುಡಿದರೆ ಏಕಕಾಲಕ್ಕೆ ಹಲವು ಕೆಲಸಗಳಾಗುತ್ತವೆ. ತನ್ನ ಮಾತು ಅರ್ಥವಾಯಿತು ಎಂದು ಮಗುವಿಗೆ ತಿಳಿಯುತ್ತದೆ. ಮೆಲುದನಿಯಲ್ಲಿ ಹೇಳಿದ್ದು ಇಡೀ ತರಗತಿಗೆ ಕೇಳಿಸುತ್ತದೆ. ‘ಗಮನಿಸು’, ‘ಊಹಿಸು’, ‘ಇರಬಹುದು’ ಎಂಬ ಶಬ್ದಗಳು ಬೇಕಾದ ಸಮಯಕ್ಕೆ ಸರಿಯಾಗಿ ಮಗುವಿನ ಕಿವಿಗೆ ಬೀಳುತ್ತವೆ. ನಿಘಂಟಿನಿಂದ ಕಲಿಸಿದರೆ ಈ ಶಬ್ದಗಳು ಅಷ್ಟು ಸಲೀಸಾಗಿ ಒಳಗಿಳಿಯುವುದಿಲ್ಲ. ಇದರ ಜೊತೆಗೆ, ಒಂದು ಮಗುವಿನ ಮಾತನ್ನು ಇನ್ನೊಂದರ ಮಾತಿಗೆ ಜೋಡಿಸುವ ಕೆಲಸವೂ ಇದೆ: ಇವರಿಬ್ಬರೂ ಒಂದೇ ನಾಯಿಯನ್ನು ನೋಡಿ ಬೇರೆಬೇರೆ ತೀರ್ಮಾನಕ್ಕೆ ಬಂದಿದ್ದಾರೆ, ಈಗ ಬಂದ ಮಾತು ಆಗಲೇ ಬಂದ ಮಾತನ್ನು ಮುಂದುವರಿಸುತ್ತಿದೆ, ಹೀಗೆ. ಜೋಡಿಸುವವರು ಇಲ್ಲದಿದ್ದರೆ ಮೂವತ್ತು ಅಭಿಪ್ರಾಯಗಳು ಒಂದರ ಪಕ್ಕ ಒಂದು ಬಿದ್ದಿರುತ್ತವೆ, ಚರ್ಚೆ ಹುಟ್ಟುವುದಿಲ್ಲ.

‘ಶಹಬ್ಬಾಸ್’, ‘ಬಹಳ ಚೆನ್ನಾಗಿ ಹೇಳಿದೆ’ ಎಂಬ ಹೊಗಳಿಕೆಯನ್ನೂ ಇಲ್ಲಿ ತಡೆಹಿಡಿಯಬೇಕಾಗುತ್ತದೆ. ಇದು ಮೊದಲು ಕೇಳಿದಾಗ ಕಠೋರವೆನಿಸುತ್ತದೆ. ಆದರೆ ಒಂದು ಮಗುವಿಗೆ ಶಹಬ್ಬಾಸ್ ಸಿಕ್ಕ ಕ್ಷಣದಲ್ಲಿ ಉಳಿದವರು ಚಿತ್ರವನ್ನು ಬಿಟ್ಟು ಶಿಕ್ಷಕರ ಮುಖವನ್ನು ಓದತೊಡಗುತ್ತಾರೆ. ತರಗತಿಯ ಮಾತುಕತೆಯನ್ನು ಹತ್ತಿರದಿಂದ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಹ್ಯೂ ಮೆಹನ್ 1979ರಲ್ಲಿ ಗುರುತಿಸಿದ ಒಂದು ಮಾದರಿ ಇಂದಿಗೂ ಹೆಚ್ಚಿನ ತರಗತಿಗಳಲ್ಲಿ ಕಾಣುತ್ತದೆ: ಶಿಕ್ಷಕರು ಪ್ರಶ್ನೆ ಕೇಳುತ್ತಾರೆ, ವಿದ್ಯಾರ್ಥಿ ಉತ್ತರಿಸುತ್ತಾನೆ, ಶಿಕ್ಷಕರು ಸರಿ ಅಥವಾ ತಪ್ಪು ಎಂದು ತೀರ್ಪು ಕೊಡುತ್ತಾರೆ. ಉತ್ತರ ಶಿಕ್ಷಕರಿಗೆ ಮೊದಲೇ ಗೊತ್ತಿರುವುದರಿಂದ ಅದನ್ನು ಊಹಿಸುವುದೇ ಮಗುವಿನ ಕೆಲಸವಾಗುತ್ತದೆ. ಚಿತ್ರಚರ್ಚೆಯಲ್ಲಿ ಮೂರನೆಯ ಹೆಜ್ಜೆಯಾದ ತೀರ್ಪನ್ನು ತೆಗೆದು, ಅದರ ಜಾಗದಲ್ಲಿ ಆಧಾರದ ಪ್ರಶ್ನೆಯನ್ನು ಕೂರಿಸಲಾಗಿದೆ. ಇಷ್ಟೇ ಬದಲಾವಣೆ. ಆದರೆ ವರ್ಷಗಳಿಂದ ರೂಢಿಯಾದ ನಾಲಿಗೆಗೆ ಇದು ಎಷ್ಟು ಕಷ್ಟವೆಂದು ಒಮ್ಮೆ ಪ್ರಯತ್ನಿಸಿದವರಿಗೆ ಗೊತ್ತಾಗುತ್ತದೆ.

ಮೌನದ ವಿಷಯವೂ ಇದಕ್ಕೆ ಸೇರಿಕೊಂಡದ್ದೇ. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದು ನೋಡಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂದು ಕಂಡುಬಂತು. ಆ ಅವಧಿಯನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ತಾವಾಗಿಯೇ ಮಾತನಾಡುವವರ ಸಂಖ್ಯೆ ಹೆಚ್ಚಿತು, ಹಿಂದುಳಿದವರೆಂದು ಎಣಿಸಲಾಗಿದ್ದ ಮಕ್ಕಳೂ ಬಾಯಿಬಿಟ್ಟರು. ಚಿತ್ರದ ಮುಂದೆ ಕಾಯುವುದು ಪಾಠದ ನಡುವೆ ಕಾಯುವುದಕ್ಕಿಂತ ಸುಲಭ, ಏಕೆಂದರೆ ಮೌನದಲ್ಲೂ ಮಕ್ಕಳಿಗೆ ನೋಡುವ ಕೆಲಸವಿರುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ದೊಡ್ಡವರು ಒಂದು ಮೇರುಕೃತಿಯ ಮುಂದೆ ಸರಾಸರಿ ನಿಲ್ಲುವುದು 27 ಸೆಕೆಂಡು. ಇಪ್ಪತ್ತು ನಿಮಿಷ ಒಂದೇ ಚಿತ್ರವನ್ನು ನೋಡುವ ಹತ್ತು ವರ್ಷದ ಮಕ್ಕಳು ಅದರ ನಲವತ್ತು ಪಟ್ಟಿಗಿಂತ ಹೆಚ್ಚು ಹೊತ್ತು ನೋಡಿರುತ್ತಾರೆ.

ಈ ಮೂರು ಪ್ರಶ್ನೆಗಳ ಪದ್ಧತಿಯೊಂದೇ ದಾರಿ ಎಂದು ತಿಳಿಯಬೇಕಾಗಿಲ್ಲ. ಚಿತ್ರಗಳನ್ನು ಅಗ್ಗವಾಗಿ ಮುದ್ರಿಸುವುದು ಸಾಧ್ಯವಾದಂದಿನಿಂದ, ಅಂದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ, ಶಾಲೆಗಳಲ್ಲಿ ಚಿತ್ರವೀಕ್ಷಣೆಯ ಪಾಠಗಳಿದ್ದವು. ಆದರೆ ಅವು ಹೆಚ್ಚಾಗಿ ಚಿತ್ರದಿಂದ ನೀತಿಯನ್ನು ಹಿಂಡಿ ತೆಗೆಯುವ ಪಾಠಗಳಾಗಿದ್ದವು. ವಿವರಿಸು, ವಿಶ್ಲೇಷಿಸು, ಅರ್ಥೈಸು, ಬೆಲೆಕಟ್ಟು ಎಂಬ ಎಡ್ಮಂಡ್ ಫೆಲ್ಡ್‌ಮನ್ ಅವರ ನಾಲ್ಕು ಮೆಟ್ಟಿಲುಗಳ ಕ್ರಮ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಚೆನ್ನಾಗಿ ಒಗ್ಗುತ್ತದೆ. 1967ರಲ್ಲಿ ಹಾರ್ವರ್ಡ್‌ನಲ್ಲಿ ಆರಂಭವಾದ ‘ಪ್ರಾಜೆಕ್ಟ್ ಝೀರೋ’ ಎಂಬ ಸಂಶೋಧನಾ ಕೇಂದ್ರ ರೂಪಿಸಿದ ‘ನೋಡು, ಯೋಚಿಸು, ಅಚ್ಚರಿಪಡು’ ಎಂಬ ಕ್ರಮ ಇನ್ನೂ ಸರಳ. ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ಹೇಳಬೇಕೆಂಬ ಶಿಸ್ತು ಅದರಲ್ಲಿದೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿ 1995ರಿಂದ ಪ್ರಾಥಮಿಕ ಶಾಲೆಗಳಿಗಾಗಿ ನಡೆಸುತ್ತಿರುವ ಕಾರ್ಯಕ್ರಮದಲ್ಲಿ ಒಂದೇ ವರ್ಣಚಿತ್ರವನ್ನು ಹಿಡಿದು ಇತಿಹಾಸ, ಗಣಿತ, ವಿಜ್ಞಾನಗಳವರೆಗೂ ಹೋಗುತ್ತಾರೆ. ಯಾವುದನ್ನು ಆರಿಸಿಕೊಂಡರೂ ನಡೆಯುತ್ತದೆ. ಒಂದನ್ನು ಹಿಡಿದು ಒಂದು ವರ್ಷವಾದರೂ ಬಿಡದೆ ಮಾಡುವುದು ಮುಖ್ಯ.

ಫಲ ಸಿಗುತ್ತದೆಯೇ ಎಂಬ ಪ್ರಶ್ನೆಯನ್ನು ಮುಖ್ಯೋಪಾಧ್ಯಾಯರೂ ಶಿಕ್ಷಣ ಇಲಾಖೆಯೂ ಕೇಳಿಯೇ ಕೇಳುತ್ತಾರೆ, ಕೇಳಬೇಕಾದ್ದೂ ಹೌದು. ನನಗೆ ಅತ್ಯಂತ ವಿಶ್ವಾಸಾರ್ಹವೆಂದು ತೋರುವ ಅಧ್ಯಯನ ಅಮೆರಿಕದ ಆರ್ಕನ್ಸಾ ರಾಜ್ಯದ್ದು. ಅಲ್ಲಿನ ಬೆಂಟನ್‌ವಿಲ್ ಎಂಬಲ್ಲಿ 2011ರ ನವೆಂಬರಿನಲ್ಲಿ ಕ್ರಿಸ್ಟಲ್ ಬ್ರಿಜಸ್ ಎಂಬ ದೊಡ್ಡ ಕಲಾ ಮ್ಯೂಸಿಯಂ ತೆರೆಯಿತು. ಶಾಲಾ ಮಕ್ಕಳ ಭೇಟಿಗೆ ಇದ್ದ ಅವಕಾಶಕ್ಕಿಂತ ಬೇಡಿಕೆ ಎಷ್ಟೋ ಹೆಚ್ಚಾಗಿದ್ದುದರಿಂದ, ಯಾವ ಶಾಲೆಗಳಿಗೆ ಮೊದಲ ಸರದಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಲಾಯಿತು. ಚೀಟಿ ಎತ್ತಿದ್ದರಿಂದಲೇ ಹೋದವರನ್ನೂ ಇನ್ನೂ ಹೋಗದವರನ್ನೂ ನ್ಯಾಯವಾಗಿ ಹೋಲಿಸುವುದು ಸಂಶೋಧಕರಿಗೆ ಸಾಧ್ಯವಾಯಿತು. 123 ಶಾಲೆಗಳ 10,912 ವಿದ್ಯಾರ್ಥಿಗಳು ಮತ್ತು 489 ಶಿಕ್ಷಕರು ಇದರಲ್ಲಿ ಪಾಲ್ಗೊಂಡರು. ಮಕ್ಕಳು ಅರ್ಧ ದಿನಕ್ಕಿಂತ ಕಡಿಮೆ ಹೊತ್ತು ಅಲ್ಲಿದ್ದು ಸಾಮಾನ್ಯವಾಗಿ ಐದು ಚಿತ್ರಗಳನ್ನು ನೋಡಿ ಚರ್ಚಿಸಿದ್ದರು, ಅಷ್ಟೆ. ಆಮೇಲೆ ಎರಡೂ ಗುಂಪಿನವರಿಗೆ ಹಿಂದೆ ನೋಡದ ಇನ್ನೊಂದು ಚಿತ್ರವನ್ನು ಕೊಟ್ಟು, ಅದರಲ್ಲಿ ಏನು ನಡೆಯುತ್ತಿದೆ, ಹಾಗೆ ಹೇಳಲು ಆಧಾರವೇನು ಎಂದು ಬರೆಯಿಸಿದರು. ಯಾರು ಯಾವ ಗುಂಪಿನವರೆಂದು ತಿಳಿಯದ ಹಾಗೆ ಆ ಬರಹಗಳನ್ನು ಪರಿಶೀಲಿಸಿದಾಗ, ಹೋಗಿಬಂದವರ ವಿಮರ್ಶಾತ್ಮಕ ಚಿಂತನೆ ಒಂದು ಪ್ರಮಾಣ ವಿಚಲನೆಯ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಶೇ. 9ರಷ್ಟು ಮೇಲಿತ್ತು. ಇದು ಸಣ್ಣ ಸಂಖ್ಯೆ, ಸಣ್ಣದೆಂದೇ ಹೇಳಬೇಕು. ಆದರೆ ಗ್ರಾಮೀಣ ಶಾಲೆಗಳ ಮಕ್ಕಳನ್ನೇ ಪ್ರತ್ಯೇಕವಾಗಿ ನೋಡಿದಾಗ ವ್ಯತ್ಯಾಸ ಒಂದು ಪ್ರಮಾಣ ವಿಚಲನೆಯ ಮೂರನೆಯ ಒಂದು ಭಾಗದ ಹತ್ತಿರಕ್ಕೆ ಏರಿತ್ತು. ಬಡ ಕುಟುಂಬಗಳ ಮಕ್ಕಳು ಹೆಚ್ಚಿರುವ ಶಾಲೆಗಳಲ್ಲೂ ಪರಿಣಾಮ ಸರಾಸರಿಗಿಂತ ದೊಡ್ಡದಾಗಿತ್ತು.

ಸರ್ಕಾರಿ ಶಾಲೆಗೆ ಇದು ಏಕೆ ಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಈ ಕೊನೆಯ ಎರಡು ಸಾಲುಗಳಲ್ಲಿದೆ. ಮನೆಯಲ್ಲಿ ಪುಸ್ತಕಗಳಿರುವ, ಊಟದ ಹೊತ್ತಿನಲ್ಲಿ “ನಿನಗೆ ಏನನ್ನಿಸುತ್ತದೆ?” ಎಂದು ಕೇಳುವ ಹಿರಿಯರಿರುವ ಮಗುವಿಗೆ ಇಂತಹ ಮಾತುಕತೆ ಇನ್ನೊಂದು ಅವಕಾಶ. ಆ ಪ್ರಶ್ನೆಯನ್ನು ಯಾರೂ ಕೇಳದ ಮನೆಯಿಂದ ಬರುವ ಮಗುವಿಗೆ ಅದೇ ಮೊದಲ ಅವಕಾಶವಾಗಿರಬಹುದು. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇತ್ತು: ಚರ್ಚೆಯ ನಡುವೆ ಪ್ರಾಸಂಗಿಕವಾಗಿ ಬಂದ ಚಾರಿತ್ರಿಕ ಮಾಹಿತಿಯನ್ನು, ಯಾವ ಪರೀಕ್ಷೆಯ ಬೆದರಿಕೆಯೂ ಇಲ್ಲದೆ, ವಾರಗಳ ನಂತರವೂ ಮಕ್ಕಳಲ್ಲಿ ಬಹುಪಾಲು ಜನ ನೆನಪಿಟ್ಟುಕೊಂಡಿದ್ದರು.

ಹೌಸೆನ್ ಅವರ ಅಧ್ಯಯನವೂ ಇದೆ. ಮಿನ್ನೆಸೋಟಾ ರಾಜ್ಯದ ಬೈರನ್ ಎಂಬ ಊರಿನ ಶಾಲೆಗಳಲ್ಲಿ 1993ರಿಂದ 1998ರವರೆಗೆ ಐದು ವರ್ಷ ಮಕ್ಕಳನ್ನು ಹಿಂಬಾಲಿಸಿ, ಆಧಾರ ಸಮೇತ ಮಾತನಾಡುವ ಅಭ್ಯಾಸ ಚಿತ್ರಗಳ ಆಚೆಗೂ, ಕಲಾಕೃತಿಯಲ್ಲದ ವಸ್ತುಗಳ ಬಗ್ಗೆ ಮಾತನಾಡುವಾಗಲೂ ಮುಂದುವರಿಯುತ್ತದೆ ಎಂದು ಅವರು ತೋರಿಸಿದರು. ಪದ್ಧತಿಯನ್ನು ಕಟ್ಟಿದವರೇ ಅದನ್ನು ಅಳೆದಿದ್ದಾರೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಓದಬೇಕು. ಶಾಲೆಯ ಹೊರಗಿನ ಒಂದು ಸಾಕ್ಷ್ಯ ಯೇಲ್ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿಗಳದ್ದು. ವರ್ಣಚಿತ್ರಗಳನ್ನು ಗಮನವಿಟ್ಟು ನೋಡಿ ವಿವರಿಸುವ ತರಬೇತಿ ಪಡೆದವರು, ರೋಗಿಗಳ ಛಾಯಾಚಿತ್ರಗಳಲ್ಲಿ ಉಳಿದವರಿಗಿಂತ ಹೆಚ್ಚು ವಿವರಗಳನ್ನು ಗುರುತಿಸಿದರು ಎಂದು 2001ರಲ್ಲಿ ಪ್ರಕಟವಾಯಿತು. ಗಣಿತದ ಅಂಕ ಏರುತ್ತದೆ, ಓದುವ ವೇಗ ಹೆಚ್ಚುತ್ತದೆ ಎಂಬ ಭರವಸೆಗಳನ್ನು ಇವುಗಳಿಂದ ಹೊರಡಿಸುವುದು ಸರಿಯಲ್ಲ. ಹಾಗೆ ಭರವಸೆ ಕೊಟ್ಟು ಆರಂಭಿಸಿದ ಕಾರ್ಯಕ್ರಮವನ್ನು, ಅಂಕ ಏರದಿದ್ದ ವರ್ಷವೇ ನಿಲ್ಲಿಸಿಬಿಡುವ ಅಪಾಯವಿದೆ.

ಇನ್ನು ತರಗತಿಗೆ ತರುವ ವಿಷಯ. ಮೊದಲ ತೀರ್ಮಾನ, ಇದನ್ನು ನಡೆಸುವವರು ಯಾರು ಎಂಬುದು. ಮ್ಯೂಸಿಯಂನಿಂದ ತಜ್ಞರು ಬರಬಹುದು, ತರಬೇತಿ ಪಡೆದ ಪೋಷಕರು ಸ್ವಯಂಸೇವಕರಾಗಿ ತಿಂಗಳಿಗೊಮ್ಮೆ ಬರಬಹುದು, ತರಗತಿಯ ಶಿಕ್ಷಕರೇ ನಡೆಸಬಹುದು. ಹೊರಗಿನವರು ಬಂದ ದಿನ ಮಕ್ಕಳಿಗೆ ಹಬ್ಬವಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಯಾವ ಮಗು ಯಾವಾಗ ಮೌನವಾಗಿರುತ್ತದೆ, ಯಾರ ಮಾತಿಗೆ ಯಾರು ನಗುತ್ತಾರೆ ಎಂಬುದು ತರಗತಿಯ ಶಿಕ್ಷಕರಿಗೆ ಮಾತ್ರ ಗೊತ್ತು. ಮತ್ತು ಆಧಾರ ಕೇಳುವ ಅಭ್ಯಾಸ ಮರುದಿನದ ಸಮಾಜ ಪಾಠಕ್ಕೆ ದಾಟಬೇಕಾದರೆ ಎರಡೂ ಕಡೆ ಇರುವವರು ಒಬ್ಬರೇ ಆಗಿರಬೇಕು. ಆದ್ದರಿಂದ ಸ್ವಯಂಸೇವಕರಿದ್ದರೂ ಅವರು ಶಿಕ್ಷಕರಿಗೆ ಜೊತೆಯಾಗಿರಲಿ, ಬದಲಿಯಾಗಿ ಬೇಡ ಎಂಬುದು ನನ್ನ ನಿಲುವು. ಶಿಕ್ಷಕರ ತರಬೇತಿಯೆಂದರೆ ಉಪನ್ಯಾಸ ಕೇಳಿಸುವುದಲ್ಲ. ಶಿಕ್ಷಕರೇ ಮೊದಲು ಮಕ್ಕಳ ಜಾಗದಲ್ಲಿ ಕುಳಿತು ಒಂದು ಚಿತ್ರವನ್ನು ಚರ್ಚಿಸಬೇಕು, ಆಮೇಲೆ ಸಹೋದ್ಯೋಗಿಗಳ ಮುಂದೆ ತಾವೇ ನಡೆಸಿ ನೋಡಬೇಕು, ವರ್ಷದ ನಡುವೆ ಮೂರು ನಾಲ್ಕು ಬಾರಿ ಒಬ್ಬರ ತರಗತಿಯನ್ನು ಇನ್ನೊಬ್ಬರು ಕುಳಿತು ನೋಡಿ, ತೀರ್ಪು ಎಲ್ಲಿ ನುಸುಳಿತು, ಯಾರ ಮಾತು ಕಳೆದುಹೋಯಿತು ಎಂದು ಮಾತನಾಡಿಕೊಳ್ಳಬೇಕು.

“ನನಗೆ ಕಲೆಯ ಬಗ್ಗೆ ಏನೂ ಗೊತ್ತಿಲ್ಲ” ಎಂಬ ಅಳುಕು ಹೆಚ್ಚಿನ ಶಿಕ್ಷಕರಲ್ಲಿ ಇರುತ್ತದೆ. ಆರಂಭದಲ್ಲಿ ಇದು ಅನುಕೂಲವೇ. ಗೊತ್ತಿದ್ದವರಿಗೆ ಹೇಳದೆ ಇರುವುದು ಕಷ್ಟ.

ವೇಳಾಪಟ್ಟಿಯಲ್ಲಿ ಹೊಸ ಪೀರಿಯಡ್ ಕೇಳಿದರೆ ಕೆಲಸ ಅಲ್ಲಿಯೇ ನಿಲ್ಲುತ್ತದೆ. ಭಾಷೆಯ ಪೀರಿಯಡ್ಡಿನೊಳಗೆ ಇದಕ್ಕೆ ಜಾಗ ಹುಡುಕುವುದು ಜಾಣತನ; ಆಲಿಸುವುದು, ಮಾತನಾಡುವುದು, ವಿವರಿಸುವುದು ಹೇಗೂ ಭಾಷಾ ಕಲಿಕೆಯ ಗುರಿಗಳೇ. ವರ್ಷಕ್ಕೆ ಹತ್ತು ಚರ್ಚೆಗಳು, ಅಂದರೆ ಶಾಲೆ ನಡೆಯುವ ತಿಂಗಳುಗಳಲ್ಲಿ ತಿಂಗಳಿಗೊಂದು, ಆರಂಭಕ್ಕೆ ಸಾಕು.

ಚಿತ್ರದ ಆಯ್ಕೆಯಲ್ಲಿ ಅವಸರ ಮಾಡಬಾರದು. ಪ್ರಸಿದ್ಧವಾಗಿದೆ ಎಂಬುದು ಆರಿಸಲು ಕಾರಣವಲ್ಲ. ಚಿಕ್ಕ ಮಕ್ಕಳಿಗೆ ಜನರು, ಪ್ರಾಣಿಗಳು, ಒಂದು ಘಟನೆ ಇರುವ ಚಿತ್ರ ಬೇಕು. ಮಕ್ಕಳಿಗೆ ಪರಿಚಿತವಾದ ಏನಾದರೂ ಅದರಲ್ಲಿರಬೇಕು, ಅದೇ ಹೊತ್ತಿಗೆ ಬಿಡಿಸಬೇಕಾದ ಒಂದು ಗಂಟೂ ಇರಬೇಕು. ಒಂದೇ ನೋಟಕ್ಕೆ ಎಲ್ಲವನ್ನೂ ಒಪ್ಪಿಸಿಬಿಡುವ ಚಿತ್ರ ಐದು ನಿಮಿಷಕ್ಕೆ ಮುಗಿಯುತ್ತದೆ. ಏನೂ ಗುರುತು ಹಿಡಿಯಲಾಗದ ಅಮೂರ್ತ ಚಿತ್ರವನ್ನು ಮೊದಲ ವಾರವೇ ತಂದರೆ ಮಕ್ಕಳು ಬಣ್ಣಗಳ ಹೆಸರು ಹೇಳಿ ಸುಮ್ಮನಾಗುತ್ತಾರೆ. ಚಿತ್ರದ ಶೀರ್ಷಿಕೆಯನ್ನು ಮರೆಮಾಡುವುದು ಒಳ್ಳೆಯದು. ‘ಹಿಮದಲ್ಲಿ ಬೇಟೆಗಾರರು’ ಎಂದು ಮೊದಲೇ ಓದಿದ ಮಗುವಿಗೆ ಅವರು ಯಾರು ಎಂದು ಪತ್ತೆಹಚ್ಚುವ ಸಂತೋಷ ತಪ್ಪಿಹೋಗುತ್ತದೆ. ವರ್ಷದ ಹತ್ತು ಚಿತ್ರಗಳು ಒಂದೇ ನಾಡಿನವು, ಒಂದೇ ಕಾಲದವು ಆಗದಂತೆಯೂ, ಹೆಂಗಸರು ಬರೆದ ಚಿತ್ರಗಳೂ ಅವುಗಳಲ್ಲಿ ಇರುವಂತೆಯೂ ನೋಡಿಕೊಳ್ಳಬೇಕು.

ಚಿತ್ರಗಳಿಗೆ ದುಡ್ಡು ಬೇಕೆಂಬ ಕಾಲ ಬಹುಮಟ್ಟಿಗೆ ಮುಗಿದಿದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ 2012ರಿಂದ ತನ್ನ ಸಂಗ್ರಹದ ದೊಡ್ಡ ಗಾತ್ರದ ಚಿತ್ರಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಕೊಡುತ್ತಿದೆ. ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಗಳ ಸುಮಾರು 3,75,000 ಚಿತ್ರಗಳನ್ನು ಯಾವ ನಿರ್ಬಂಧವೂ ಇಲ್ಲದೆ ಬಿಡುಗಡೆ ಮಾಡಿತು. ತೋರಿಸುವ ವಿಷಯದಲ್ಲಿ ಒಂದು ಚಿಕ್ಕ ಪರೀಕ್ಷೆ ಅಗತ್ಯ: ಶಿಕ್ಷಕರು ಹಿಂದಿನ ದಿನವೇ ಕೊನೆಯ ಬೆಂಚಿನಲ್ಲಿ ಕುಳಿತು ನೋಡಬೇಕು. ಕಿಟಕಿಯ ಬೆಳಕು ಬೀಳುವ ಗೋಡೆಯ ಮೇಲೆ ಪ್ರೊಜೆಕ್ಟರ್ ತೋರಿಸುವ ಬ್ರೂಗೆಲ್‌ನಲ್ಲಿ ಆ ನರಿ ಕಾಣುವುದೇ ಇಲ್ಲ. ಅಂತಹ ಕೋಣೆಯಲ್ಲಿ ಇಬ್ಬರಿಗೊಂದರಂತೆ ಹಂಚಿದ ಬಣ್ಣದ ಮುದ್ರಣಗಳೇ ವಾಸಿ. ಅವನ್ನು ಜೋಪಾನವಾಗಿಟ್ಟರೆ ವರ್ಷಗಟ್ಟಲೆ ಬರುತ್ತವೆ.

ಐವತ್ತು ಮಕ್ಕಳಿರುವ ತರಗತಿಯಲ್ಲಿ ಎಲ್ಲರಿಗೂ ಮಾತಿನ ಸರದಿ ಬರುವುದಿಲ್ಲ. ಅದಕ್ಕೆ ಪರಿಹಾರ, ಮೌನವಾಗಿ ನೋಡಿದ ನಂತರ ಎರಡು ನಿಮಿಷ ಪಕ್ಕದವರೊಂದಿಗೆ ಮಾತನಾಡಲು ಬಿಡುವುದು. ತರಗತಿಯೆದುರು ಬಾಯಿಬಿಡದ ಮಗು ಗೆಳತಿಯ ಕಿವಿಯಲ್ಲಿ ಹೇಳುತ್ತದೆ, ಗೆಳತಿ ಅದನ್ನು ಎಲ್ಲರಿಗೂ ಹೇಳುತ್ತಾಳೆ, ಶಿಕ್ಷಕಿ ಅದನ್ನು ಇಬ್ಬರ ಹೆಸರಿನಲ್ಲೂ ಮರುನುಡಿಯುತ್ತಾಳೆ. ಕಲಿಕೆಯ ಭಾಷೆ ಮನೆಮಾತಲ್ಲದ ಮಕ್ಕಳಿಗೆ ಮನೆಮಾತಿನಲ್ಲೇ ಹೇಳಲು ಬಿಡಬೇಕು. ಕಂಡದ್ದನ್ನು ಹೇಳಲು ಪರಕೀಯ ಭಾಷೆಯ ಶಬ್ದ ಹುಡುಕುತ್ತ ಕುಳಿತರೆ ನೋಟವೇ ಮರೆತುಹೋಗುತ್ತದೆ.

ಈ ಪದ್ಧತಿಯ ಬಗ್ಗೆ ಗಂಭೀರವಾದ ಆಕ್ಷೇಪವೊಂದಿದೆ, ಅದು ಮ್ಯೂಸಿಯಂ ಶಿಕ್ಷಣದ ಒಳಗಿನಿಂದಲೇ ಬಂದದ್ದು: ಮಾಹಿತಿಯನ್ನು ಹೀಗೆ ತಡೆಹಿಡಿದರೆ ಮಕ್ಕಳು ಚಿತ್ರದ ಬಗ್ಗೆ ತಪ್ಪು ಕಲ್ಪನೆಯನ್ನೇ ಹೊತ್ತು ಹೋಗುವುದಿಲ್ಲವೇ, ಕಲಾವಿದನ ಕಾಲ ಮತ್ತು ಉದ್ದೇಶಕ್ಕೆ ಬೆಲೆಯೇ ಇಲ್ಲವೇ? ಈ ಆಕ್ಷೇಪದಲ್ಲಿ ಸತ್ಯವಿದೆ ಎಂದೇ ನಾನು ಭಾವಿಸುತ್ತೇನೆ. ಬ್ರೂಗೆಲ್‌ನ ಚಿತ್ರ ವರ್ಷದ ಋತುಮಾನಗಳನ್ನು ತೋರಿಸುವ ಸರಣಿಯೊಂದರ ಭಾಗ, ಅದರಲ್ಲಿ ಇಂದು ಉಳಿದಿರುವುದು ಐದು ಚಿತ್ರಗಳು ಎಂಬುದನ್ನು ತಿಳಿದವರು ಅದನ್ನು ಬೇರೆಯೇ ಆಗಿ ನೋಡುತ್ತಾರೆ. ಆದರೆ ಆ ಮಾಹಿತಿ ಚರ್ಚೆಯ ಮೊದಲು ಬಂದರೆ ಬಾಗಿಲು ಮುಚ್ಚುತ್ತದೆ, ನಂತರ ಬಂದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಏಳೆಂಟು ವರ್ಷದವರಿಗೆ ಅದು ಬೇಕಾಗದಿರಬಹುದು. ಹನ್ನೆರಡರ ಹೊತ್ತಿಗೆ ಮಕ್ಕಳೇ ಯಾರು ಬರೆದದ್ದು, ಯಾವಾಗ, ನಿಜವಾಗಿ ನಡೆದದ್ದೇ ಎಂದು ಕೇಳತೊಡಗುತ್ತಾರೆ. ಆಗ ಹೇಳಬೇಕು, ಅಥವಾ ಎಲ್ಲಿ ಹುಡುಕಬಹುದೆಂದು ತೋರಿಸಬೇಕು. ಚರ್ಚೆಯ ನಡುವೆ ಮಗು ಸ್ಪಷ್ಟವಾಗಿ ತಪ್ಪು ಹೇಳಿದರೆ, ಉದಾಹರಣೆಗೆ ಹಿಮವನ್ನು ಮರಳು ಎಂದರೆ, ತಿದ್ದುವ ಆತುರ ಬೇಡ. ಆಧಾರ ಕೇಳಿ, ಬೇರೆಯವರಿಗೆ ಏನು ಕಾಣುತ್ತದೆ ಎಂದು ಕೇಳಿದರೆ ಹೆಚ್ಚಿನ ಸಲ ತರಗತಿಯೇ ಅದನ್ನು ಸರಿಪಡಿಸುತ್ತದೆ. ಆದರೆ ಯಾವುದೋ ಜನಸಮುದಾಯವನ್ನು ಹೀಗಳೆಯುವ ಮಾತು ಬಂದರೆ ಅಲ್ಲಿ ತಟಸ್ಥವಾಗಿರುವಂತಿಲ್ಲ. ಆಗ ಶಿಕ್ಷಕರು ಶಿಕ್ಷಕರಾಗಿಯೇ ಮಧ್ಯೆ ಬರಬೇಕು.

ಕೊನೆಯದು ಮೌಲ್ಯಮಾಪನ. ಇದಕ್ಕೆ ಅಂಕ ಕೊಡತೊಡಗಿದರೆ ಮಕ್ಕಳು ಮತ್ತೆ ಶಿಕ್ಷಕರ ಮುಖ ಓದುವ ಸ್ಥಿತಿಗೆ ಮರಳುತ್ತಾರೆ, ಆದ್ದರಿಂದ ಅಂಕ ಬೇಡ. ಆದರೆ ಪ್ರಗತಿಯನ್ನು ಕಾಣಲು ಒಂದು ಸುಲಭ ದಾರಿಯಿದೆ. ವರ್ಷದ ಮೊದಲ ವಾರದಲ್ಲಿ, ಚರ್ಚೆ ಆರಂಭವಾಗುವ ಮೊದಲು, ಒಂದು ಚಿತ್ರ ತೋರಿಸಿ ಹತ್ತು ನಿಮಿಷ ಬರೆಯಿಸಿ ಆ ಹಾಳೆಗಳನ್ನು ತೆಗೆದಿಡಬೇಕು. ಬರೆಯಲು ಬಾರದ ಮಕ್ಕಳ ಮಾತನ್ನು ಕೇಳಿ ಬರೆದುಕೊಳ್ಳಬೇಕು. ವರ್ಷದ ಕೊನೆಯ ವಾರದಲ್ಲಿ ಅದೇ ಚಿತ್ರವನ್ನು ಮತ್ತೆ ತೋರಿಸಿ ಮತ್ತೆ ಬರೆಯಿಸಬೇಕು. ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ಎಷ್ಟು ವಿವರಗಳು ಸೇರಿವೆ, ‘ಏಕೆಂದರೆ’ ಎಂಬ ಶಬ್ದ ಎಷ್ಟು ಸಲ ಬಂದಿದೆ, ‘ಇರಬಹುದು’ ಎಂಬ ಎಚ್ಚರ ಎಲ್ಲಿ ಕಾಣಿಸಿಕೊಂಡಿದೆ ಎಂದು ಎಣಿಸಿದರೆ ಶಿಕ್ಷಕರಿಗೆ ಬೇಕಾದದ್ದು ಸಿಗುತ್ತದೆ. ಆಮೇಲೆ ಎರಡೂ ಹಾಳೆಗಳನ್ನು ಮಗುವಿನ ಕೈಗೇ ಕೊಡಬೇಕು. ತಾನು ಜೂನಿನಲ್ಲಿ ಬರೆದ ಎರಡು ಸಾಲುಗಳನ್ನು ಓದಿ, ತಲೆ ಎತ್ತಿ ಆ ಚಿತ್ರವನ್ನೇ ಮತ್ತೊಮ್ಮೆ ನೋಡುವ ಮಗುವಿಗೆ ಯಾರೂ ಏನನ್ನೂ ವಿವರಿಸಬೇಕಾಗಿರುವುದಿಲ್ಲ.